ಬಿಲ್ಲಿನ ಬೆನ್ನು

ಮಾಗಡಿ ರಸ್ತೆಯ ಸೂಪರ್ ಮಾರ್ಕೆಟ್ಟಿನ ಬಾಗಿಲಲ್ಲಿ
"ಮೇಡಂ, ಬ್ಯಾಗ್" ಎಂದಳು.
ಕೆದಕಲು ಕೈಯಲ್ಲೊಂದು ಮರದ ಅಡಿಪಟ್ಟಿ.

ಇಪ್ಪತ್ತೆರಡು ವರ್ಷ ಕೋರ್ಟಿನೆದುರು ಕೂತು
ಅಫಿಡವಿಟ್ಟು ಟೈಪು ಮಾಡಿದ ಬೆರಳು ನನ್ನವು;
ಝಿಪ್ಪಿನ ಮೇಲೆ ಗಟ್ಟಿಯಾಗಿ ಕೂತವು.
"ನೀನು ಪೊಲೀಸಲ್ಲ, ತಾಯಿ.
ನಾನು ಹೂಂ ಅನ್ನದೆ ಇದು ತೆರೆಯೋದಿಲ್ಲ.
ಅನುಮಾನ ಇದ್ದರೆ ಠಾಣೆಗೆ ಫೋನು ಮಾಡಿಸು,
ಕಾಯ್ತೀನಿ."

ಹಿಂದೆ ಸಾಲು ಬೆಳೆಯಿತು. ಯಾರೋ ಲೊಚಗುಟ್ಟಿದರು.
ಒಳಗಿದ್ದದ್ದು ಇಷ್ಟೇ: ತೊಳೆಯದ ಡಬ್ಬಿ,
ಅರ್ಧ ಮೊಳ ಕನಕಾಂಬರ,
ಮನೆಯಲ್ಲಿನ್ನೂ ಯಾರಿಗೂ ಹೇಳದ
ಸ್ಕ್ಯಾನಿಂಗ್ ರಿಪೋರ್ಟು.

ಅವಳು ರೇಗಲಿಲ್ಲ. ದನಿ ತಗ್ಗಿಸಿದಳು:
"ಅಕ್ಕಾ, ಈ ಕಾನೂನು ನಮಗೂ ಬರುತ್ತಾ?
ರಾತ್ರಿ ಡ್ಯೂಟಿ ಮುಗಿಸಿ ಹೊರಟರೆ
ಡಬ್ಬಿ ಬಿಚ್ಚಿಸ್ತಾರೆ, ಚಪ್ಪಲಿ ಬಿಚ್ಚಿಸ್ತಾರೆ,
ಜಡೇನೂ."

ಬಿಲ್ಲು ತಿರುಗಿಸಿ, ಅದರ ಬೆನ್ನಿಗೆ ಬರೆದೆ
ಒಂದೇ ಸಾಲು:
ನನ್ನ ಒಪ್ಪಿಗೆ ಇಲ್ಲದೆ ಮುಟ್ಟಬೇಡಿ.
ಕೆಳಗೆ ದಸ್ಕತ್ತಿಗೆ ಜಾಗ ಬಿಟ್ಟೆ, ಅಭ್ಯಾಸಬಲ.

ದಾಕ್ಷಾಯಣಿ, ಎದೆಯ ಪಟ್ಟಿ ಹೇಳಿದ ಹೆಸರು,
ನಾಲ್ಕು ಮಡಿಕೆ ಮಡಿಸಿ
ಅಂಗಿಯ ಜೇಬಿಗೆ ಇಡಲು ಹೋದಳು.

ಜೇಬಿನ ಬಾಯಿ ಹೊಲಿದಿತ್ತು,
ಕಂಪನಿಯ ನೀಲಿ ದಾರದಲ್ಲಿ.