ನಲವತ್ತೆರಡರ ಫಾರಂ

ಬನ್ನಿ, ಕೂತುಕೊಳ್ಳಿ. ಆ ಕುರ್ಚಿ ಬೇಡ, ಕಾಲು ಅಲ್ಲಾಡುತ್ತದೆ.
ಏಳು ವರ್ಷಕ್ಕೊಮ್ಮೆ ಬರುವವರು ನೀವು.
ಪ್ರತಿಸಲವೂ ಮುಖ ಬೇರೆ, ಪ್ರಶ್ನೆ ಕೇಳುವ ದನಿ ಮಾತ್ರ ಅದೇ.

ಏಳರಲ್ಲಿ ಕೇಳಿದಿರಿ: ಮನೆಯಲ್ಲಿ ಕೋಣೆ ಎಷ್ಟು?
ಎರಡು, ಅಂದಳು ಅಮ್ಮ, ಅಡುಗೆಮನೆಯನ್ನೂ ಸೇರಿಸಿ.
ಗ್ಲಾಸ್ಗೋದ ಆ ಚಳಿಗೆ ಮೊದಲು ಉಣ್ಣುತ್ತಿದ್ದದ್ದು ಕರೆಂಟಿನ ಮೀಟರು,
ಆಮೇಲೆ ನಾವು.
ಐವತ್ತು ಪೆನ್ಸ್ ಮುಗಿದರೆ
ಟೀವಿಯವರ ನಗು ಅರ್ಧಕ್ಕೇ ಕತ್ತಲಾಗುತ್ತಿತ್ತು.
ಹೊಟ್ಟೆಗೆ ತಣ್ಣೀರು ಬಟ್ಟೆ ಕಟ್ಟಿದ ರಾತ್ರಿಗಳಿಗೆ
ನಿಮ್ಮಲ್ಲಿ ಯಾವ ಚೌಕವಿತ್ತೋ.
ಗೋಡೆಯ ಬೂಷ್ಟು ಒಂದು ಚಳಿಗಾಲದಲ್ಲಿ
ಡ್ಯೂಗಿಯ ಎದೆಗಿಳಿಯಿತು. ನನ್ನದಕ್ಕೆ ಇಳಿಯಲಿಲ್ಲ.
ಅವಳಿ ನಾವು. ಒಂದೇ ಹಾಸಿಗೆ,
ಗೋಡೆಯ ಕಡೆ ಮಲಗುತ್ತಿದ್ದವನು ಅವನು, ಅಷ್ಟೇ.

ಹದಿನಾಲ್ಕಕ್ಕೆ ನನಗೆ ಪಾರಿವಾಳ ಸಿಕ್ಕವು.
ಕೆಡವಿದ ಮನೆಗಳ ಬಾಗಿಲುಗಳನ್ನೇ ಜೋಡಿಸಿ
ಖಾಲಿ ನಿವೇಶನದಲ್ಲಿ ಲ್ಯಾಕಿ ಮುದುಕ ಕಟ್ಟಿದ ಗೂಡು.
ಅವನದು ಮಾತು ಕಡಿಮೆ, ಬೈಗುಳ ಜಾಸ್ತಿ.
ಒಂದು ಸಂಜೆ ಕೀಲಿಕೈ ನನ್ನ ಕೈಗೆ ಎಸೆದು
'ನಾಳೆ ಆರಕ್ಕೆ ಕಾಳು ಹಾಕು' ಅಂದ.
ನಾಳೆ, ಅಂದ. ನನಗೆ ಹೇಳಿದ.
ಡ್ಯೂಗಿಯೂ ಬಂದಿದ್ದ, ಒಂದೇ ದಿನ.
ಪುಕ್ಕದ ಧೂಳಿಗೆ ಉಬ್ಬಸ ಹತ್ತಿ
ಹೊರಗೆ ಇಟ್ಟಿಗೆಯ ಮೇಲೆ ಕೂತು ಕಾದ.
ಆಮೇಲೆ ಕಾಯಲು ಬೇರೆ ಜಾಗಗಳು ಸಿಕ್ಕವು ಅವನಿಗೆ,
ಬೇರೆ ಜನ.

ಈಗಲೋ? ಬರೆದುಕೊಳ್ಳಿ.
ಬಸ್ ಡಿಪೋದಲ್ಲಿ ಕೆಲಸ, ಹತ್ತೊಂಬತ್ತು ವರ್ಷ.
ಹಲ್ಲು ನಾಲ್ಕು ನನ್ನವಲ್ಲ.
ಹೀಟರ್ ಉರಿಯುತ್ತಿದೆ, ಹೌದು,
ಕೋಟು ತೆಗೆಯಲು ಮರೆಯುತ್ತೇನೆ.
ಮಗಳು ಏಲಿ ಕೋಣೆ ಕೋಣೆಯಲ್ಲೂ ದೀಪ ಬಿಟ್ಟು ಹೋಗುತ್ತಾಳೆ.
ಅವಳ ಹಿಂದೆಯೇ ಎದ್ದು ಹೋಗಿ
ಸ್ವಿಚ್ಚಿನ ಮೇಲೆ ಬೆರಳಿಟ್ಟು ನಿಲ್ಲುತ್ತೇನೆ,
ಕೆಲವು ದಿನ ಆರಿಸುತ್ತೇನೆ.

ಡ್ಯೂಗಿಯ ವಿಳಾಸವೇ?
ನಿಮ್ಮ ಪತ್ರ ವಾಪಸು ಬಂತೇ? ನನ್ನವೂ ಬಂದವು.

ಒಂದು ಮಾತು, ಫಾರಂ ಮಡಚುವ ಮೊದಲು.
ಹದಿನಾಲ್ಕರ ಹಾಳೆಗಳು ಇನ್ನೂ ಇದ್ದರೆ ತೆಗೆದು ನೋಡಿ:
'ನಾಳೆಯ ಬಗ್ಗೆ ಏನನ್ನಿಸುತ್ತದೆ?'
ಇಬ್ಬರದೂ ಒಂದೇ ಉತ್ತರ, ಮೇಲಿಂದ ಕೆಳಗಿನವರೆಗೆ.
ಒಂದೇ ಬಡತನ, ಒಂದೇ ನೆಮ್ಮದಿ ಎಂದು
ಎಲ್ಲೋ ಕೂಡಿಸಿ ಭಾಗಿಸಿರುತ್ತೀರಿ.
ಅವತ್ತು ಪಕ್ಕದ ಬೆಂಚಿನಿಂದ ಬಗ್ಗಿ
ಅವನು ನನ್ನ ಹಾಳೆ ನೋಡಿ ಬರೆದ.
ನಾನು ತೋಳು ಸರಿಸಿ ತೋರಿಸಿದೆ.