ಎಂಜಲು

ಪಟಕ್ಕೆ ಇನ್ನೂರ ಮೂವತ್ತು ವರ್ಷ ಅಂದರು.
ಹೆಸರು ಹಿಂದೆ, ಚೌಕಟ್ಟಿನ ಮರದ ಮೇಲೆ: ಗೌರಾಜಮ್ಮಣ್ಣಿಯವರು.
ಯಾವ ಪಾಳೆಯಪಟ್ಟು ಅನ್ನುವ ಕಡೆ ಗೆದ್ದಲು ತಿಂದಿದೆ.
ಬರೆದವನು ಯಾರೋ ಪರಂಗಿ; ಅವನ ಸಹಿ ಗೆದ್ದಲಿಗೂ ಸಿಕ್ಕಿಲ್ಲ.

ತಿಗಳರಪೇಟೆಯ ಈ ಅಟ್ಟದ ಕೋಣೆಗೆ ಆಕೆ ಬಂದದ್ದು
ಗೂಡ್ಸ್ ಆಟೋದಲ್ಲಿ, ಹಳೇ ಜಮಖಾನದೊಳಗೆ,
ಎರಡು ಗ್ಯಾಸ್ ಸಿಲಿಂಡರಿನ ನಡುವೆ ಒರಗಿಕೊಂಡು.
ಕೆಳಗೆ ಗ್ರೈಂಡರ್ ರಿಪೇರಿ ಅಂಗಡಿ. ಕಲ್ಲು ತಿರುಗಿದಾಗಲೆಲ್ಲ
ಆಕೆಯ ನತ್ತು ನಡುಗುತ್ತದೆ, ನಿಜದ ಮುತ್ತಿನ ಹಾಗೆ.

ಧೂಪದ ಹೊಗೆ, ಲಾಂದ್ರದ ಮಸಿ, ನೊಣದ ಚುಕ್ಕಿ,
ಯಾವನೋ ಮೊಮ್ಮಗ ಹೊಳಪಿಗೆಂದು ತಿಕ್ಕಿದ ಹರಳೆಣ್ಣೆ,
ಇಷ್ಟೂ ಮುಖದ ಮೇಲಿದೆ. ತೆಗೆಯಲು ಸೀಸೆಗಳಿವೆ ನನ್ನಲ್ಲಿ,
ಮುಂಬೈಯಿಂದ ತರಿಸಿದವು, ಮೂಗು ಸುಡುವವು.
ಮುಖಕ್ಕೆ ಅವು ಬೇಡ. ಮುಖಕ್ಕೆ ಉಗುಳೇ ಸರಿ.
ನಗಬೇಡಿ. ನನಗೆ ಕಲಿಸಿದ ಪರಾಂಕುಶಂ ಮೇಷ್ಟ್ರು
ಅಚ್ಚುಕಟ್ಟು ನಾಮದವರು, ಅವರೂ ಹೀಗೇ ಮಾಡುತ್ತಿದ್ದರು:
ಅರಳೇಪೇಟೆಯ ಹತ್ತಿ, ಬಿದಿರು ಕಡ್ಡಿ, ನಾಲಿಗೆಯ ತುದಿ.
ಕಾಫಿ ಕುಡಿದಿರಬಾರದು, ಎಲೆಅಡಿಕೆ ಸಲ್ಲ.
ಮಡಿ ಅಂದರೆ ಇದೇ ಕಣಮ್ಮ, ಅನ್ನುತ್ತಿದ್ದರು.

ಹದಿನೇಳು ದಿನದಿಂದ ಬೆಳಗ್ಗೆ ಬರೀ ನೀರು ಕುಡಿದು
ಒಬ್ಬ ದೊರೆಸಾನಿಯ ಕೆನ್ನೆಗೆ ನನ್ನ ಎಂಜಲು ಹಚ್ಚುತ್ತಿದ್ದೇನೆ.

ನಮ್ಮಜ್ಜಿ ಲಗುಮಮ್ಮ ಚಾಮರಾಜಪೇಟೆಯ ಒಂದು ಮನೆಯಲ್ಲಿ
ಹಿತ್ತಿಲು ಬಳಿಯುತ್ತಿದ್ದಳು. ದಾಹವಾದರೆ ಬೊಗಸೆ.
ನೀರು ಮೇಲಿನಿಂದ ಬೀಳುತ್ತಿತ್ತು, ಚೊಂಬಿಗೆ ಸೋಂಕದಷ್ಟು ಮೇಲಿನಿಂದ.
ಹನಿ ಚೆಲ್ಲಿದ ನೆಲಕ್ಕೆ ಅವಳೇ ಸಗಣಿ ಹಾಕಬೇಕು.
ಹೇಳುವಾಗ ಅಜ್ಜಿ ಸಿಟ್ಟಾಗುತ್ತಿರಲಿಲ್ಲ,
ಬೊಗಸೆ ಹಿಡಿದು ತೋರಿಸುತ್ತಿದ್ದಳು, ಅಷ್ಟೆ.
ಒಂದು ಹನಿ ಸೋರದ ಬೊಗಸೆ.

ತುಟಿಯ ಹತ್ತಿರ ಬಂದಾಗ ಕಡ್ಡಿ ನಿಂತಿತು.
ಸ್ಕೂಲಿನಲ್ಲಿ ಗುಬ್ಬಿ ಎಂಜಲು ಮಾಡುತ್ತಿದ್ದೆವು:
ಲಂಗದ ತುದಿಯಲ್ಲಿ ಪೆಪ್ಪರಮೆಂಟು ಸುತ್ತಿ ಕಚ್ಚಿ
ನಿನಗರ್ಧ, ನನಗರ್ಧ. ನಡುವೆ ಬಟ್ಟೆಯಿದ್ದರೆ ಎಂಜಲಲ್ಲ.
ಇಲ್ಲಿ ನಡುವೆ ಹತ್ತಿಯಿದೆ. ಒರೆಸಿದೆ.

ನಿನ್ನೆ ಮುಂಗೈ. ಇಲ್ಲಿ ಸೀಸೆಯೇ ಬೇಕಾಯಿತು.
ಕಡಗದ ಕೆಳಗೆ ಯಾರೋ ಆಮೇಲೆ ಬಳಿದ ಗೋಧಿಬಣ್ಣ
ಎದ್ದುಬಂತು. ಅದರಡಿ ಹಸಿರು ಚುಕ್ಕಿ, ಒಂದು, ಮೂರು,
ಕೊಂಡಿ ಎತ್ತಿದ ಚೇಳು. ಹಚ್ಚೆ.
ಅಂತಃಪುರದವರು ಪರಂಗಿಯ ಮುಂದೆ ಕೂರುತ್ತಿದ್ದರೇ?
ಇಲ್ಲ, ಒಡವೆ ತೊಡಿಸಿ, ಕೂತಿರು, ಅಲುಗಬೇಡ ಅಂತ
ಬೇರೆ ಯಾರನ್ನೋ ಕೂರಿಸಿದರೇ, ಹಿತ್ತಿಲು ಬಳಿಯುವವಳನ್ನು?
ನಮ್ಮಜ್ಜಿಯ ಕೈಯಲ್ಲೂ ಅದೇ ಚೇಳಿತ್ತು ಎಂದರೆ
ಕತೆ ಚೆನ್ನಾಗಿರುತ್ತದೆ. ಇರಲಿಲ್ಲ. ಹಚ್ಚೆಯವಳಿಗೆ ಕೊಡಲು
ಅವಳ ಹತ್ತಿರ ಒಂದು ಸೇರು ರಾಗಿ ಇರಲಿಲ್ಲ.

ಮಾಲೀಕರ ಫೋನು, ಸದಾಶಿವನಗರದಿಂದ:
ನಮ್ಮ ಮುತ್ತಜ್ಜಿ ಬೆಳ್ಳಗಾದರಾ?
ಆಗ್ತಾ ಇದ್ದಾರೆ ಸರ್, ಅನ್ನುತ್ತೇನೆ.
ಬೆಳ್ಳಗಾದದ್ದು ನತ್ತಿನ ಮುತ್ತು ಮಾತ್ರ.
ಮೈಯ ಕಪ್ಪು ಮಸಿಯದಲ್ಲ ಸರ್, ಮೈಯದೇ,
ಎಂದು ಹೇಳಬೇಕು, ಚೆಕ್ಕು ಪಾಸಾದ ಮೇಲೆ.
ಚೇಳಿನ ವಿಷಯ ಹೇಳುತ್ತೇನೋ ಇಲ್ಲವೋ ಗೊತ್ತಿಲ್ಲ.

ಕರೆಂಟು ಹೋಯಿತು. ಗ್ರೈಂಡರ್ ನಿಂತು ನತ್ತೂ ನಿಂತಿತು.
ಬಾಯಿ ಒಣಗಿದೆ. ಚೊಂಬು ಕಚ್ಚಿ ನೀರು ಕುಡಿದು
ಕಿಟಕಿಯ ಹತ್ತಿರ ಕೂತಿದ್ದೇನೆ,
ನಾಲಿಗೆ ಮತ್ತೆ ಒದ್ದೆಯಾಗಲಿ ಅಂತ.
ಬಲಗಣ್ಣಿನ ಕೆಳಗೆ ಇಷ್ಟು ಜಾಗ ಬಾಕಿ.