ಪಟ್ಟಿ ಕಪ್ಪಾಗುವ ತನಕ

ಮತ್ತಿಕೆರೆ, ಬಳೆ ಅಂಗಡಿಯ ಮೇಲೆ
ಹದಿನಾಲ್ಕು ಮೆಟ್ಟಿಲು. ಒಂದೇ ಕುರ್ಚಿ.
ಅದರ ಹಿಂದೆ ಪರದೆ, ಪರದೆಯ ಹಿಂದೆ
ನಾನು ಮತ್ತು ಆಟೋಕ್ಲೇವು.
ಬಂದವರು ಸಿಸ್ಟರ್ ಅನ್ನುತ್ತಾರೆ.
ನಾನು ಓದಿದ್ದು ಒಂಬತ್ತನೇ ಕ್ಲಾಸು.

ಬಾಯಿಂದ ಬಂದದ್ದೆಲ್ಲ ಮೊದಲು ನನ್ನ ಬಳಿಗೆ:
ಕನ್ನಡಿ, ಕೊಕ್ಕೆ, ಇಕ್ಕಳ,
ಸದ್ದು ನಿಂತ ಮೇಲೂ ಬೆಚ್ಚಗಿರುವ ಡ್ರಿಲ್ಲಿನ ತಲೆ.
ದಪ್ಪ ಗ್ಲೌಸು ತೊಟ್ಟು, ನೀರೊಳಗೇ ಮುಳುಗಿಸಿ ಉಜ್ಜುತ್ತೇನೆ,
ಹನಿ ಹಾರದ ಹಾಗೆ.
ಸೂಜಿ ಬಿಳಿ ಡಬ್ಬಕ್ಕೆ, ರಕ್ತದ ಹತ್ತಿ ಹಳದಿ ಚೀಲಕ್ಕೆ.
ಎರಡೂ ಕೈಯಿಂದ ಸೂಜಿಗೆ ಮುಚ್ಚಳ ಹಾಕಬಾರದು.
ಇದನ್ನು ಕಲಿತದ್ದು ಪುಸ್ತಕದಿಂದಲ್ಲ,
ಎಡಗೈ ಹೆಬ್ಬೆರಳಿಂದ.
ಆಮೇಲೆ ಆರು ತಿಂಗಳು, ಮೂರು ಸಲ ರಕ್ತ ಕೊಟ್ಟು,
ಲ್ಯಾಬಿನ ಫೋನಿಗೆ ಎದೆ ಕೊಟ್ಟು ಕೂತಿದ್ದೆ.

ಒಬ್ಬರು ಬರುತ್ತಾರೆ, ಬಾಗಿಲಲ್ಲೇ ದನಿ ತಗ್ಗಿಸಿ:
"ನಂಗೊಂದು ಕಾಯಿಲೆ ಇದೆ. ಬೇರೆ ಕಡೆ ಬೇಡ ಅಂದ್ರು."
ಡಾಕ್ಟರು ಬರೆದುಕೊಂಡು, ಬಾಯಿ ತೆರೀರಿ ಅನ್ನುತ್ತಾರೆ.
ನನಗೆ ಅದೇ ಗ್ಲೌಸು, ಅದೇ ಇಪ್ಪತ್ತು ನಿಮಿಷ.
ಏನೂ ಹೇಳದೆ ಕೂತವರಿಗೂ ಅಷ್ಟೇ.

ಅಮ್ಮ ಪಾತ್ರೆ ತಿಕ್ಕುತ್ತಿದ್ದ ಮನೆಯಲ್ಲಿ
ಅವಳು ಬೆಳಗಿಟ್ಟ ತಂಬಿಗೆಗೆ ಮತ್ತೆ ನೀರು ಚಿಮುಕಿಸಿ
ಒಳಗೆ ತಗೊಳ್ಳುತ್ತಿದ್ದರು. ಮಡಿ.
ಅದು ಆಯಿತೋ ಇಲ್ಲವೋ ತೋರಿಸಲು
ಹೇಳುವವರ ಬಾಯಿ ಬಿಟ್ಟರೆ ಬೇರೇನೂ ಇರಲಿಲ್ಲ.
ಇಲ್ಲಿ ಪಟ್ಟಿ ಇದೆ.
ಪ್ಯಾಕೆಟ್ಟಿನ ಒಳಗೊಂದು ಕಾಗದದ ಪಟ್ಟಿ, ಮಜ್ಜಿಗೆ ಬಣ್ಣದ್ದು;
ನೂರಿಪ್ಪತ್ತೊಂದು ಡಿಗ್ರಿಯಲ್ಲಿ ಬೆಂದರೆ ಕಪ್ಪು.
ಅದಕ್ಕೆ ನನ್ನ ಮನೆತನ ಗೊತ್ತಿಲ್ಲ.
ಹಬೆ ಗೊತ್ತು, ಹೊತ್ತು ಗೊತ್ತು.

ಆ ಗುರುವಾರ ಕರೆಂಟು ಹೋಯಿತು.
ಹನ್ನೊಂದನೇ ನಿಮಿಷದಲ್ಲಿ ಯಂತ್ರ
ನಿಟ್ಟುಸಿರಿಟ್ಟು ಸುಮ್ಮನಾಯಿತು.
ಯುಪಿಎಸ್ಸು ಕುರ್ಚಿಗೂ ದೀಪಕ್ಕೂ ಸಾಕು, ಇದಕ್ಕೆ ಸಾಲದು.
ಹೊರಗೆ ಬೆಂಚಿನ ಮೇಲೆ ಹೂವಿನ ನಂಜಮಣಿ,
ಸೆರಗು ದವಡೆಗೆ ಒತ್ತಿಕೊಂಡು,
ಸಂಜೆಯ ಮಲ್ಲಿಗೆ ಯಾಪಾರ ಬಿಟ್ಟು ಬಂದವಳು.
ಇದ್ದದ್ದು ಮೂರು ಸೆಟ್ಟು. ಎರಡು ಆಗಲೇ ಬಳಸಿದ್ದು.
ಮುಚ್ಚಳ ತೆಗೆದು ನೋಡಿದೆ:
ಪಟ್ಟಿಯ ಮೇಲೆ ಕಾಫಿ ಕಲೆಯಷ್ಟು ಬಣ್ಣ.
"ರೆಡಿನಾ?" ಪರದೆಯಾಚೆಯಿಂದ ಡಾಕ್ಟರ್ ಶಾಹಿದಾ.
ರೆಡಿ ಅಂದಿದ್ದರೆ ರೆಡಿಯೇ.
ಯಾರದೋ ಬಾಯಿ ಇನ್ಯಾರದೋ ಬಾಯೊಳಗೆ ಹೋದದ್ದು
ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.
"ಆಗಿಲ್ಲ ಮೇಡಂ."
ಒಂದು ಗಳಿಗೆ ಏನಿಲ್ಲ.
ಆಮೇಲೆ ಗ್ಲೌಸು ಕಳಚಿದ ಸದ್ದು.

ನಂಜಮಣಿ ಬೈದಳು. ಮಾತ್ರೆ ನುಂಗಿ ಇನ್ನಷ್ಟು ಬೈದಳು,
ಕರೆಂಟಿನವರನ್ನು, ಹಲ್ಲು ಕೊಟ್ಟ ದೇವರನ್ನು, ನನ್ನನ್ನು:
"ನಮ್ಮಂಥೋರ್ಗೆ ಇಷ್ಟೆಲ್ಲ ಮಡಿ ಯಾಕವ್ವ?"
ನನಗೆ ಉತ್ತರ ಹೊಳೆಯಲಿಲ್ಲ. ಬೀಸಣಿಗೆ ಕೊಟ್ಟೆ.

ಎಂಟು ಹತ್ತಕ್ಕೆ ದೀಪ ಬಂತು. ಮೊದಲಿಂದ ಶುರು,
ಹನ್ನೊಂದರಿಂದಲ್ಲ, ಸೊನ್ನೆಯಿಂದ.
ಒಂಬತ್ತಕ್ಕೆ ಪಟ್ಟಿ ಕಾಡಿಗೆಯಷ್ಟು ಕಪ್ಪು.
ಅವಳ ಕಣ್ಣೆದುರೇ ಪ್ಯಾಕೆಟ್ಟು ಹರಿದೆ.
ಮೇಲ್ದವಡೆಯ ಹಲ್ಲು ಮೂರು ಬೇರಿನ ಸಮೇತ ಬಂತು.
ಹೋಗುವಾಗ ಅವಳು ಏನೂ ಅನ್ನಲಿಲ್ಲ,
ಬಾಯಲ್ಲಿ ಹತ್ತಿ.

ಮನೆ ಸೇರುವಾಗ ಹತ್ತೂವರೆ. ಮಗಳು ಮಲಗಿಲ್ಲ,
ಒಂದು ಸೀಬೆಕಾಯಿ ಕಾದಿಟ್ಟಿದ್ದಾಳೆ.
ಚಾಕು ಹುಡುಕಲು ಸೋಮಾರಿ.
ಫ್ರಾಕಿನ ಅಂಚು ಹಣ್ಣಿಗೆ ಸುತ್ತಿ, ಬಟ್ಟೆಯ ಮೇಲಿಂದಲೇ
ಕಟಕ್ಕನೆ ಕಚ್ಚಿ ಎರಡು ಮಾಡಿ
"ತಗೋ, ಕಾಗೆ ಎಂಜಲು, ಎಂಜಲಲ್ಲ" ಅನ್ನುತ್ತಾಳೆ.
ಬೆಳಗಿಂದ ಆ ಫ್ರಾಕು ಎಲ್ಲೆಲ್ಲಿ ಕೂತು ಬಂದಿದೆಯೋ.
ಇದಕ್ಕೆ ಪಟ್ಟಿ ಇಲ್ಲ.
ಸೋಪಿಗೆ ಬಿರಿದ ಕೈ ಚಾಚಿ
ನನ್ನ ಪಾಲು ಇಸಕೊಂಡು ತಿಂದೆ.
ಬೀಜವೊಂದು ಹಲ್ಲಿನ ಸಂದಿಗೆ ಸಿಕ್ಕಿಕೊಂಡಿತು.